ಮನೆಮನೆಗೆ ದೇವರ ಚಿತ್ರ ತಲುಪಿಸಿದ ರಾಜಾ ರವಿವರ್ಮ

ದೇವರ ಮನೆಯಲ್ಲಿ, ಅಂಗಡಿ ಗಲ್ಲಾದ ಮೇಲೆ ಕಾಣುವ ಲಕ್ಷ್ಮಿ, ಸರಸ್ವತಿಯರ ಚಿತ್ರಗಳಿಗೂ ಮುಂಬೈಗೂ ಹಳೆಯ ನಂಟಿದೆ. 1848ರಲ್ಲಿ ಕೇರಳದ ಕಿಳಿಮಾನೂರಿನಲ್ಲಿ ಜನಿಸಿದ ರಾಜಾ ರವಿವರ್ಮ, ಮೈಸೂರು, ಬರೋಡಾ ಅರಮನೆಗಳಿಗೆ ತೈಲವರ್ಣ ಚಿತ್ರ ಬರೆದು ಹೆಸರಾದವರು. ಅರಮನೆಯ ಚಿತ್ರ ಬಡವರ ಗೋಡೆಗೂ ಸಿಗಲೆಂದು 1894ರಲ್ಲಿ ಮುಂಬೈನಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಅದರ ಯಂತ್ರಗಳು ಜರ್ಮನಿಯಿಂದ ಬಂದವು. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಬೇಕಿತ್ತು. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ದೇವಸ್ಥಾನದೊಳಗೆ ಪ್ರವೇಶವೇ ಇಲ್ಲದವರ ಮನೆಗೂ ದೇವರು ಬಂದ.

ಆದರೆ ಮುದ್ರಣಾಲಯ ಸಾಲದಲ್ಲಿ ಮುಳುಗಿತು. ಲೋಣಾವಳ ಬಳಿಯ ಮಳವಲಿಗೆ ಸ್ಥಳಾಂತರಿಸಿದರೂ ಚೇತರಿಸಿಕೊಳ್ಳಲಿಲ್ಲ. ಕೊನೆಗೆ ತಮ್ಮಲ್ಲೇ ಕೆಲಸಕ್ಕಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಅವರಿಗೆ ಅದನ್ನು ಮಾರಿದರು. 1906ರಲ್ಲಿ ರವಿವರ್ಮ ನಿಧನರಾದರು. ಮುದ್ರಣಾಲಯ ಕೈತಪ್ಪಿದರೂ ಚಿತ್ರಗಳು ಅವರ ಹೆಸರಿನಲ್ಲೇ ಅಚ್ಚಾಗುತ್ತಾ ಹೋದವು.