ಟಿ.ವಿ.ಗೂ ಒಬ್ಬಳು ಸಂತೆ

ಟಿ.ವಿ. ಕಂಡುಹಿಡಿದವರು ಯಾರು ಎಂದು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಎಷ್ಟೋ ಸಲ ಓದಿದ್ದೇನೆ. ಆದರೆ ಟಿ.ವಿ.ಗೊಬ್ಬಳು ಪಾಲಕ ಸಂತೆ ಇದ್ದಾಳೆಂದು ತಿಳಿದದ್ದು ಈಚೆಗೆ. ತಮಾಷೆಯೆಂದರೆ, ಆಕೆ ತೀರಿಕೊಂಡದ್ದು 1253ರಲ್ಲಿ!

ಆಕೆ ಇಟಲಿಯ ಅಸ್ಸಿಸಿಯ ಕ್ಲಾರಾ. 1194ರ ಸುಮಾರಿಗೆ ಸಿರಿವಂತ ಮನೆತನದಲ್ಲಿ ಹುಟ್ಟಿದವಳು. ಒಳ್ಳೆಯ ಸಂಬಂಧ ನೋಡಿ ಮದುವೆ ಮಾಡಬೇಕೆಂಬುದು ಮನೆಯವರ ಆಸೆ. ಆಕೆಗೋ, ಎಲ್ಲವನ್ನೂ ಬಿಟ್ಟು ಬಡವನಾಗಿ ಬದುಕುತ್ತಿದ್ದ ಫ್ರಾನ್ಸಿಸ್‌ನ ದಾರಿ ಹಿಡಿಸಿತ್ತು. 1212ರ ಗರಿಗಳ ಭಾನುವಾರದ ರಾತ್ರಿ ಮನೆಬಿಟ್ಟು ಹೊರಟಳು. ಫ್ರಾನ್ಸಿಸ್ ಆಕೆಯ ಕೂದಲು ಕತ್ತರಿಸಿ ದೀಕ್ಷೆ ಕೊಟ್ಟ. ಎಳೆದೊಯ್ಯಲು ಬಂದ ಬಂಧುಗಳಿಗೆ ಕತ್ತರಿಸಿದ ತಲೆಯನ್ನೇ ತೋರಿಸಿದಳು. ಅವರು ಬರಿಗೈಯಲ್ಲಿ ಮರಳಿದರು. ಮುಂದೆ ತಂಗಿ ಆಗ್ನೆಸ್, ಕಡೆಗೆ ತಾಯಿಯೂ ಅದೇ ದಾರಿ ಹಿಡಿದರು.

ಸಾನ್ ದಾಮಿಯಾನೊ ಮಠದಲ್ಲಿ ಆಕೆ ಸುಮಾರು ನಲವತ್ತು ವರ್ಷ ಕಳೆದಳು. ಮಠಕ್ಕೆ ಆಸ್ತಿಯೇ ಬೇಡ ಎಂಬುದು ಆಕೆಯ ಪಟ್ಟು. ಪೋಪ್ ಒಂಬತ್ತನೇ ಗ್ರೆಗರಿ ತಾವಾಗಿ ಆಸ್ತಿ ಕೊಡಲು ಬಂದರೂ ಒಪ್ಪಲಿಲ್ಲ.

ಬಹುಕಾಲ ಕಾಯಿಲೆಯಿಂದ ನರಳಿದ ಆಕೆಗೆ 1252ರ ಕ್ರಿಸ್‌ಮಸ್ ರಾತ್ರಿ ಹಾಸಿಗೆಯಿಂದ ಏಳಲಾಗಲಿಲ್ಲ. ಉಳಿದವರು ಪ್ರಾರ್ಥನೆಗೆ ಹೋದರು. ಒಂಟಿಯಾಗಿ ಮಲಗಿದ್ದವಳಿಗೆ ದೂರದ ಸಂತ ಫ್ರಾನ್ಸಿಸ್ ದೇವಾಲಯದ ಪೂಜೆ ಕೇಳಿಸಿತು, ಕಾಣಿಸಿತು ಎನ್ನುತ್ತದೆ ಆಕೆಯ ಚರಿತ್ರೆ. ಗೋಡೆಯ ಮೇಲೆ ಚಿತ್ರದಂತೆ ಮೂಡಿತು ಎಂದೂ ಹೇಳುತ್ತಾರೆ.

ಏಳು ಶತಮಾನ ಕಳೆದವು. 1948ರ ಕ್ರಿಸ್‌ಮಸ್ ನಡುರಾತ್ರಿ ಪ್ಯಾರಿಸ್‌ನ ನೋತ್ರ್ ದಾಮ್‌ನಿಂದ ಬಲಿಪೂಜೆ ಟಿ.ವಿ.ಯಲ್ಲಿ ನೇರ ಪ್ರಸಾರವಾಯಿತು. ಮರುವರ್ಷವೇ ಫ್ರಾನ್ಸ್‌ನಲ್ಲಿ ಭಾನುವಾರದ ಕಾರ್ಯಕ್ರಮವೂ ಶುರುವಾಯಿತು. 1958ರಲ್ಲಿ ಪೋಪ್ ಹನ್ನೆರಡನೇ ಪಯಸ್ ಕ್ಲಾರಾಳನ್ನು ಟಿ.ವಿ.ಯ ಪಾಲಕ ಸಂತೆಯೆಂದು ಘೋಷಿಸಿದರು. 2020ರಲ್ಲಿ ಕೊರೊನಾದಿಂದ ಚರ್ಚುಗಳು ಮುಚ್ಚಿದಾಗ ಪೋಪ್ ಫ್ರಾನ್ಸಿಸ್ ಅವರ ದಿನದ ಪೂಜೆಯನ್ನು ಜನ ಮನೆಯಲ್ಲೇ ಕೂತು ನೋಡಿದರು. ಎಲ್ಲರೂ ಹೊರಗೆ ಹೋದಾಗ ಹಾಸಿಗೆ ಹಿಡಿದು ಮನೆಯಲ್ಲೇ ಉಳಿಯುವವರಿಗೆ ಇಂಥ ಪ್ರಸಾರ ಎಷ್ಟು ದೊಡ್ಡದೆಂದು ಕ್ಲಾರಾಳ ಕಥೆ ಓದಿದ ಮೇಲೆ ನನಗೆ ಅರ್ಥವಾಯಿತು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ತನ್ನ ಮಠದ ನಿಯಮವನ್ನು ಕ್ಲಾರಾ ತಾನೇ ಬರೆದಳು. ಹೆಣ್ಣೊಬ್ಬಳು ಹಾಗೆ ಬರೆದು ಒಪ್ಪಿಸಿದ್ದು ಆ ಕಾಲಕ್ಕೆ ಹೊಸತು. ಪೋಪ್ ನಾಲ್ಕನೇ ಇನ್ನೊಸೆಂಟ್ ಅದಕ್ಕೆ ಒಪ್ಪಿಗೆ ಕೊಟ್ಟದ್ದು 1253ರ ಆಗಸ್ಟ್ 9ರಂದು. ಆಗಸ್ಟ್ 11ರಂದು ಆಕೆ ಕಣ್ಣುಮುಚ್ಚಿದಳು.

ಒಂದು ಫಲಿತಾಂಶ ತಡವಾದರೆ ಕುಸಿದು ಕೂರುವ ನನ್ನಂಥವರು ಆ ಎರಡು ದಿನಗಳನ್ನು ನೆನಪಿಡಬೇಕು ಗೆಳೆಯರೇ. ಒಪ್ಪಿಗೆ ಬರುವುದಕ್ಕೆ ಮೊದಲೇ ಆಕೆ ತಾನು ನಂಬಿದಂತೆ ನಲವತ್ತು ವರ್ಷ ಬದುಕಿ ಆಗಿತ್ತು.