ಪಿರಿಯಾಪಟ್ಟಣದ ಸೆರೆಯಿಂದ ಸಿಂಹಾಸನಕ್ಕೆ: ದೊಡ್ಡ ವೀರರಾಜೇಂದ್ರನ ಚರಿತ್ರೆ

ಪಿರಿಯಾಪಟ್ಟಣದಿಂದ ಬೈಲಕುಪ್ಪೆಯ ಮಾರ್ಗವಾಗಿ ಪಶ್ಚಿಮಕ್ಕೆ ನಡೆದರೆ ಕಾವೇರಿಯು ಎದುರಾಗುವುದು. ನದಿಯ ಈಚೆಯ ದಡವು ಮೈಸೂರು ಸೀಮೆ, ಆಚೆಯದು ಕೊಡಗು. 1961ರಿಂದ ಬೈಲಕುಪ್ಪೆಯು ನೆಲೆತಪ್ಪಿ ಬಂದ ಟಿಬೆಟಿನ ಜನರಿಗೆ ಆಶ್ರಯವಾಗಿರುವುದನ್ನು ಎಲ್ಲರೂ ಬಲ್ಲರು. ಆದರೆ ಹದಿನೆಂಟನೆಯ ಶತಮಾನದಲ್ಲಿ ಈ ಗಡಿಸೀಮೆಯು ಸೈನ್ಯಗಳ ಹಾದಿಯಾಗಿದ್ದಿತು. ನೆಲೆಯನ್ನು ಕಳೆದುಕೊಂಡ ಒಬ್ಬ ರಾಜಕುಮಾರನು ಇಲ್ಲಿಯೇ ಸೆರೆಯಲ್ಲಿದ್ದು, ಇಲ್ಲಿಂದಲೇ ತಪ್ಪಿಸಿಕೊಂಡು, ತನ್ನ ರಾಜ್ಯವನ್ನು ಮರಳಿ ಕಟ್ಟಿದನು. ಅವನೇ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರನು.

1780ರಲ್ಲಿ ಇವನ ತಂದೆಯಾದ ಲಿಂಗರಾಜನು ತೀರಿಕೊಂಡನು. ಮಕ್ಕಳು ಇನ್ನೂ ಚಿಕ್ಕವರಾಗಿದ್ದುದರಿಂದ, ಅವರ ಪಾಲನೆಯ ನೆಪದಿಂದ ಹೈದರಾಲಿಯು ಕೊಡಗಿನ ಆಡಳಿತವನ್ನು ಕೈಗೆ ತೆಗೆದುಕೊಂಡನು. ಕೊಡಗರು ಇದನ್ನು ಸಹಿಸದೆ ದಂಗೆಯೆದ್ದರು. ಆಗ ರಾಜಕುಟುಂಬವನ್ನು ಗೊರೂರಿನ ಕೋಟೆಗೆ ಸಾಗಿಸಲಾಯಿತು. ಹೈದರನ ಮರಣಾನಂತರ ಟಿಪ್ಪು ಸುಲ್ತಾನನು ಇವರನ್ನು ಪಿರಿಯಾಪಟ್ಟಣದ ಕೋಟೆಯಲ್ಲಿರಿಸಿದನು. ಪಶ್ಚಿಮದಲ್ಲಿ ತಾಯ್ನಾಡು ಇಷ್ಟು ಸಮೀಪದಲ್ಲಿದ್ದರೂ ಅಲ್ಲಿಗೆ ಹೋಗುವಂತಿರಲಿಲ್ಲ. ಬಾಲ್ಯವು ಕಳೆದು ಯೌವನವು ಬರುವ ಕಾಲವೆಲ್ಲ ಕಾವಲುಗಾರರ ಕಣ್ಣೆದುರಿನಲ್ಲಿಯೇ ಕಳೆಯಿತು.

1788ರ ಡಿಸೆಂಬರಿನಲ್ಲಿ, ತನ್ನವರಾದ ಕೊಡಗರ ನೆರವಿನಿಂದ, ವೀರರಾಜೇಂದ್ರನು ಮನೆಯವರೊಡನೆ ಕೋಟೆಯಿಂದ ಪಾರಾದನು. ಅಪ್ಪಾಜಿ, ಲಿಂಗರಾಜರೆಂಬ ತಮ್ಮಂದಿರಿಬ್ಬರೂ ಸಂಗಡಲಿದ್ದರು. ಕಾಡನ್ನು ದಾಟಿ ಕಿಗ್ಗಟ್ಟುನಾಡಿನ ಕುರ್ಚಿ ಎಂಬಲ್ಲಿಗೆ ಸೇರಿದರೂ ಕಷ್ಟಗಳು ತೀರಲಿಲ್ಲ. ಮಲೆಯಾಳದ ಕೋಟೆಯರಸನು ಇವನನ್ನು ಹಿಡಿದು, ಕೆಲವು ಭೂಮಿಗಳನ್ನು ಬರೆಯಿಸಿಕೊಂಡ ಮೇಲೆಯೇ ಬಿಟ್ಟನು. ಇದರಿಂದ ಎದೆಗುಂದದೆ ವೀರರಾಜೇಂದ್ರನು ಜನರನ್ನು ಕೂಡಿಸಿ, ಮೈಸೂರಿನ ಠಾಣ್ಯಗಳನ್ನು ಒಂದೊಂದಾಗಿ ತೆರವು ಮಾಡಿಸಿದನು. 1790ರ ಅಕ್ಟೋಬರಿನಲ್ಲಿ ಇಂಗ್ಲಿಷ್ ಕಂಪನಿಯೊಡನೆ ಸ್ನೇಹದ ಒಪ್ಪಂದವನ್ನು ಮಾಡಿಕೊಂಡನು.

ಈ ಯುದ್ಧಕಾಲದ ಒಂದು ಸಂಗತಿಯು ಇವನ ಗುಣವನ್ನು ಚೆನ್ನಾಗಿ ತೋರಿಸುವುದು. ಮಡಿಕೇರಿಯ ಕೋಟೆಯಲ್ಲಿದ್ದ ಮೈಸೂರಿನ ದಂಡಿಗೆ ಆಹಾರವು ಮುಗಿಯುತ್ತ ಬಂದಾಗ, ಟಿಪ್ಪುವು ಖಾದರ್ ಖಾನನೆಂಬ ಸರದಾರನ ಕೈಯಲ್ಲಿ ಸಾಮಗ್ರಿಯನ್ನು ಕಳುಹಿಸಿದನು. ಕೊಡಗರು ದಾರಿಯಲ್ಲಿ ಅವನನ್ನು ಸುತ್ತುವರಿದರು. ಆದರೆ ಪಿರಿಯಾಪಟ್ಟಣದ ಸೆರೆಯ ದಿನಗಳಲ್ಲಿ ಈ ಖಾನನು ರಾಜಕುಟುಂಬಕ್ಕೆ ಉಪಕಾರ ಮಾಡಿದ್ದನು. ವೀರರಾಜೇಂದ್ರನು ಅದನ್ನು ಮರೆತಿರಲಿಲ್ಲ. ಉಪಕಾರಿಗೆ ಒಡೆಯನೆದುರಿನಲ್ಲಿ ಅಪಮಾನವಾಗದಿರಲೆಂದು, ಕೈಗೆ ಸಿಕ್ಕಿದ ಸಾಮಗ್ರಿಯನ್ನು ಕೋಟೆಯೊಳಕ್ಕೆ ಹೋಗಗೊಟ್ಟನು. ಮುಂದೆ ಕೋಟೆಯು ಹಸಿವಿನಿಂದ ವಶವಾದಾಗಲೂ ಶತ್ರುಸೈನಿಕರನ್ನು ಕೊಲ್ಲಿಸದೆ ಕಳುಹಿಸಿಕೊಟ್ಟನು.

1791ರಲ್ಲಿ ಜನರಲ್ ಅಬರ್‌ಕ್ರೋಂಬಿಯ ಬೊಂಬಾಯಿ ಸೈನ್ಯವು ಕೊಡಗಿನ ಮಾರ್ಗವಾಗಿ ಪಿರಿಯಾಪಟ್ಟಣದವರೆಗೆ ಬಂದಿತು. ಅದಕ್ಕೆ ದವಸವನ್ನೂ ಎತ್ತುಗಳನ್ನೂ ವೀರರಾಜೇಂದ್ರನೇ ಒದಗಿಸಿದನು. ಆ ಭೇಟಿಯ ನೆನಪಿಗಾಗಿ 1792ರಲ್ಲಿ ವೀರರಾಜಪೇಟೆಯನ್ನು ಕಟ್ಟಿಸಿದನು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ರೋಮನ್ ಕಥೋಲಿಕರಿಗೆ ಅಲ್ಲಿ ನೆಲೆಯನ್ನೂ ದೇವಾಲಯಕ್ಕೆ ಸ್ಥಳವನ್ನೂ ಕೊಟ್ಟನು. ಸೆರೆಯ ದುಃಖವನ್ನು ತಾನೇ ಅನುಭವಿಸಿದವನು ಮತಭೇದವನ್ನೆಣಿಸದೆ ಸೆರೆಯಿಂದ ಬಂದವರನ್ನು ಆದರಿಸಿದನು. ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡಿನ ಅರಮನೆಯನ್ನು ಕಟ್ಟಿಸಿದವನೂ ಇವನೇ. 1799ರ ಮಾರ್ಚ್ 6ರಂದು, ಪಿರಿಯಾಪಟ್ಟಣದ ಆಚೆಯಿರುವ ಸಿದ್ದೇಶ್ವರದ ಬೆಟ್ಟದ ಬಳಿಯಲ್ಲಿ ಟಿಪ್ಪುವಿನ ಸೈನ್ಯಕ್ಕೂ ಬೊಂಬಾಯಿ ಸೈನ್ಯಕ್ಕೂ ಘೋರ ಯುದ್ಧವಾಗಿ, ಟಿಪ್ಪುವು ಹಿಂದೆಗೆಯಬೇಕಾಯಿತು. ಎರಡು ತಿಂಗಳೊಳಗೆ, ಮೇ 4ರಂದು, ಶ್ರೀರಂಗಪಟ್ಟಣವೂ ಬಿದ್ದಿತು. ಗಡಿಯ ಭಯವು ತೀರಿತು.

ಹೊರಗಣ ಭಯವು ತೀರಿದರೂ ಒಳಗಣ ಭಯವು ತೀರಲಿಲ್ಲ. 1796ರಲ್ಲಿ ಇವನು ಮಹಾದೇವಮ್ಮಾಜಿಯನ್ನು ವಿವಾಹವಾಗಿದ್ದನು. ಆಕೆಯಲ್ಲಿ ಹೆಣ್ಣುಮಕ್ಕಳೇ ಹುಟ್ಟಿದರು. ತನ್ನ ಹಿರಿಯ ಮಗಳಾದ ದೇವಮ್ಮಾಜಿಗೇ ಪಟ್ಟವಾಗಬೇಕೆಂದು ನಿಶ್ಚಯಿಸಿ, ಇದಕ್ಕೆ ಕಂಪನಿಯ ಗವರ್ನರ್ ಜನರಲರ ಒಪ್ಪಿಗೆಯನ್ನೂ ಕೇಳಿ ಪಡೆದನು. ತನ್ನ ವಂಶದ ಚರಿತ್ರೆಯನ್ನು ಕನ್ನಡದಲ್ಲಿ ರಾಜೇಂದ್ರನಾಮೆ ಎಂಬ ಗ್ರಂಥವಾಗಿ ಬರೆಯಿಸಿದುದೂ ಈ ಕಾಲದಲ್ಲಿಯೇ. ಆದರೆ 1807ರಲ್ಲಿ ರಾಣಿಯು ತೀರಿಕೊಂಡ ಮೇಲೆ ಅರಸನ ಬುದ್ಧಿಯು ಕದಡಿತು. ಎಲ್ಲರೂ ತನಗೆ ದ್ರೋಹ ಬಗೆಯುತ್ತಿರುವರೆಂಬ ಸಂಶಯವು ಬೆಳೆಯಿತು, ಅನೇಕರಿಗೆ ಮರಣದಂಡನೆಯಾಯಿತು. ಪಿರಿಯಾಪಟ್ಟಣದಿಂದ ಸಂಗಡ ಪಾರಾಗಿ ಬಂದ ತಮ್ಮ ಅಪ್ಪಾಜಿಯೂ ಈ ಸಂಶಯಕ್ಕೆ ಬಲಿಯಾದನು. ಶತ್ರುವಿನ ಸರದಾರನನ್ನು ಕ್ಷಮಿಸಿದ ಕೈಯೇ ಒಡಹುಟ್ಟಿದವನನ್ನು ಉಳಿಸದೆ ಹೋಯಿತು. 1809ರ ಜೂನ್ 9ರಂದು ವೀರರಾಜೇಂದ್ರನು ಕಾಲವಾದನು. ಮಡಿಕೇರಿಯ ಗದ್ದಿಗೆಯಲ್ಲಿ ರಾಣಿಯ ಬಳಿಯಲ್ಲಿಯೇ ಅವನ ಸಮಾಧಿಯಿರುವುದು.

ದೇವಮ್ಮಾಜಿಗೆ ಪಟ್ಟವಾಯಿತು. ಆಕೆಯು ಇನ್ನೂ ಬಾಲಿಕೆ. ಆಡಳಿತವು ಬೇರೆಯವರ ಕೈಯಲ್ಲಿದ್ದಿತು. ಬದುಕಿ ಉಳಿದಿದ್ದ ಚಿಕ್ಕಪ್ಪನಾದ ಲಿಂಗರಾಜನು ಮೊದಲು ಕಾರ್ಯಭಾರವನ್ನು ವಹಿಸಿಕೊಂಡು, 1811ರಲ್ಲಿ ತಾನೇ ಅರಸನೆಂದು ಪ್ರಕಟಿಸಿದನು. ಬಲವಂತರಾದ ಮಿತ್ರರು ತಂದೆಗೆ ಕೊಟ್ಟಿದ್ದ ಮಾತು ಮಗಳ ಪಾಲಿಗೆ ಕಾಗದದಲ್ಲಿಯೇ ಉಳಿಯಿತು.

ಈ ಅರಸನ ಧೈರ್ಯವೂ ಕೃತಜ್ಞತೆಯೂ ನಮಗೆ ಅನುಸರಣೀಯವಾಗಿವೆ. ಅವನ ಸಂಶಯದ ಫಲವು ಎಚ್ಚರಿಕೆಯಾಗಿದೆ. ವಿದ್ಯಾರ್ಥಿನಿಯರು ದೇವಮ್ಮಾಜಿಯ ವಿಷಯವನ್ನು ವಿಶೇಷವಾಗಿ ನೆನೆಯತಕ್ಕದ್ದು. ಹಕ್ಕನ್ನು ತಂದೆಯು ಬರೆದು ಕೊಡಬಹುದು. ಅದನ್ನು ಕಾಪಾಡಿಕೊಳ್ಳಲು ವಯಸ್ಸೂ ತಿಳಿವಳಿಕೆಯೂ ನಂಬಿಗಸ್ತರಾದ ಜನರ ಬಲವೂ ಬೇಕು. ಇವುಗಳಲ್ಲಿ ವಯಸ್ಸು ತಾನಾಗಿ ಬರುವುದು. ಉಳಿದೆರಡನ್ನು ನಾವು ಸಂಪಾದಿಸಬೇಕು.