ಜಾರ್ಜ್ ಹಂಟಿಂಗ್ಟನ್: ಮನೆಮನೆಯನ್ನು ಬಲ್ಲ ವೈದ್ಯ

ಅಮೆರಿಕದ ಲಾಂಗ್ ಐಲ್ಯಾಂಡಿನ ಈಸ್ಟ್ ಹ್ಯಾಂಪ್ಟನ್ ಎಂಬ ಊರಿನಲ್ಲಿ 1850ರ ಏಪ್ರಿಲ್ 9ರಂದು ಜನಿಸಿದ ಜಾರ್ಜ್ ಹಂಟಿಂಗ್ಟನ್ ಅವರದು ವೈದ್ಯರ ಮನೆತನ. ಅಜ್ಜ ಏಬಲ್, ತಂದೆ ಜಾರ್ಜ್ ಲೀ ಇಬ್ಬರೂ ಅದೇ ಊರಿನ ವೈದ್ಯರು. ಒಂದೇ ಕುಟುಂಬದ ಅಜ್ಜಿ, ತಾಯಿ, ಮಗಳು ಮೂವರ ಕಾಯಿಲೆಯನ್ನೂ ಒಂದೇ ವೈದ್ಯ ಮನೆತನ ಕಂಡಿತ್ತು.

ಬಾಲಕ ಜಾರ್ಜ್ ಒಮ್ಮೆ ತಂದೆಯ ಗಾಡಿಯಲ್ಲಿ ರೋಗಿಗಳ ಮನೆಗೆ ಹೊರಟಿದ್ದಾಗ ದಾರಿಯಲ್ಲಿ ಇಬ್ಬರು ಸ್ತ್ರೀಯರು ಎದುರಾದರು. ತಾಯಿ ಮತ್ತು ಮಗಳು. ಎತ್ತರದ, ಕೃಶವಾದ ದೇಹ. ಬಾಗುತ್ತ, ತಿರುಚುತ್ತ, ಮುಖ ಕಿವುಚುತ್ತ ನಡೆಯುತ್ತಿದ್ದರು. ಬಾಲಕ ಬೆಚ್ಚಿದನು. ತಂದೆಯಾದರೋ ಗಾಡಿ ನಿಲ್ಲಿಸಿ ಅವರೊಡನೆ ಮಾತನಾಡಿ ಮುಂದೆ ಸಾಗಿದರು. ಆ ನೋಟ ಜಾರ್ಜರನ್ನು ಕೊನೆಯವರೆಗೂ ಬಿಡಲಿಲ್ಲ.

1871ರಲ್ಲಿ ಕೊಲಂಬಿಯಾದಲ್ಲಿ ವೈದ್ಯ ಪದವಿ ಪಡೆದು, ಮರುವರ್ಷ ಫೆಬ್ರವರಿ 15ರಂದು ಒಹಾಯೊ ರಾಜ್ಯದ ಮಿಡಲ್‌ಪೋರ್ಟಿನಲ್ಲಿ ಅವರು ಒಂದು ಪ್ರಬಂಧವನ್ನು ಓದಿದರು. ಆಗ ಅವರಿಗೆ ಕೇವಲ 21 ವರ್ಷ. ಪ್ರಬಂಧದ ಬಹುಭಾಗ, ಜನರು ಸಂತ ವೀಟಸರ ಹೆಸರಿನಲ್ಲಿ ಕರೆಯುತ್ತಿದ್ದ ಮಕ್ಕಳ ನಡುಕದ ಕಾಯಿಲೆಯ ಕುರಿತದ್ದು. ಕೊನೆಗೆ ಮಾತ್ರ ಊರಿನ ಕೆಲವು ಕುಟುಂಬಗಳ ಆ ವಿಚಿತ್ರ ರೋಗದ ಪ್ರಸ್ತಾಪ. ಅದು ವಂಶಪಾರಂಪರ್ಯವಾದದ್ದು, ಪ್ರೌಢವಯಸ್ಸಿನಲ್ಲಿ ಉಗ್ರವಾಗುವಂಥದ್ದು, ಮನಸ್ಸನ್ನೂ ಕೆಡಿಸುವಂಥದ್ದು ಎಂದರು. ಒಬ್ಬನು ಆ ರೋಗವಿಲ್ಲದೆ ಬಾಳು ಮುಗಿಸಿದರೆ ಅವನ ಸಂತತಿಗೆ ಭಯವಿಲ್ಲ ಎಂದೂ ತಿಳಿಸಿದರು. ಆ ಮನೆಗಳವರು ರೋಗದ ಹೆಸರೆತ್ತಲೂ ಅಂಜುತ್ತಿದ್ದ ಕಾಲದಲ್ಲಿ ಇದು ಎಂಥ ಬಿಡುಗಡೆಯ ಮಾತು! ಆಗಸ್ಟಿನಿಯನ್ ಸಂನ್ಯಾಸಿ ಮೆಂಡಲ್ ಅವರ ಅನುವಂಶೀಯತೆಯ ನಿಯಮಗಳು ಜಗತ್ತಿನ ಗಮನಕ್ಕೆ ಬಂದದ್ದು 1900ರಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬೇಕು.

ಕಾರಣವಾದ ವಂಶವಾಹಿ 1993ರಲ್ಲಿ ಪತ್ತೆಯಾಯಿತು. ರೋಗಿಯ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧದಷ್ಟು. ಸಾಮಾನ್ಯವಾಗಿ 30ರಿಂದ 50ರ ವಯಸ್ಸಿನಲ್ಲಿ, ಅಂದರೆ ಅನೇಕರಿಗೆ ಮದುವೆಯಾಗಿ ಮಕ್ಕಳಾದ ಮೇಲೆ, ಲಕ್ಷಣಗಳು ತೋರುತ್ತವೆ. ಇಂದು ರಕ್ತಪರೀಕ್ಷೆಯಿಂದ ಮುಂಚಿತವಾಗಿಯೇ ತಿಳಿಯಬಹುದು. ಗುಣಪಡಿಸುವ ಮದ್ದು ಮಾತ್ರ ಇಲ್ಲ. ಆದ್ದರಿಂದಲೇ ಪರೀಕ್ಷೆಗೆ ಮುನ್ನ ಆಪ್ತಸಮಾಲೋಚನೆ ಅಗತ್ಯ. ಲಕ್ಷಣವಿಲ್ಲದ ಮಕ್ಕಳನ್ನು ಪರೀಕ್ಷಿಸುವುದಿಲ್ಲ. ವಯಸ್ಕನು ಸ್ವಂತ ಇಚ್ಛೆಯಿಂದ ಬರಬೇಕು, ಫಲಿತಾಂಶ ಕೇಳದೆ ಹಿಂತಿರುಗಲೂ ಅವನು ಸ್ವತಂತ್ರ. ಅಪಾಯವಿರುವವರಲ್ಲಿ ಹೆಚ್ಚಿನವರು ಪರೀಕ್ಷೆಯನ್ನೇ ಬಯಸುವುದಿಲ್ಲ. ತತ್ತ್ವಶಾಸ್ತ್ರ ಓದಿದ ನಮಗೆ ಸತ್ಯದ ಅರಿವು ದೊಡ್ಡದೇ. ಆದರೂ ಅದನ್ನು ಹೊರುವ ಶಕ್ತಿ ಬರುವತನಕ ಕಾಯುವವನನ್ನು ಹೇಡಿಯೆಂದು ಕರೆಯಲು ನಾವು ಒಪ್ಪೆವು. ಸಂಬಂಧ ಕೂಡಿಸುವಾಗ ಮನೆಯ ಕಾಯಿಲೆಯನ್ನು ಬೇಕೆಂದೇ ಮುಚ್ಚಿಡುವುದು ಬೇರೆಯೇ ಮಾತು. 2017ರ ಮೇ 18ರಂದು ಪೋಪ್ ಫ್ರಾನ್ಸಿಸ್‌ರು ವ್ಯಾಟಿಕನ್ನಿನಲ್ಲಿ ಈ ರೋಗಿಗಳನ್ನೂ ಅವರ ಕುಟುಂಬದವರನ್ನೂ ಬರಮಾಡಿಕೊಂಡು, ರೋಗವನ್ನು ಇನ್ನು ಬಚ್ಚಿಡುವುದು ಬೇಡವೆಂದರು.

ಹಂಟಿಂಗ್ಟನ್ ಅವರು ಇದಾವುದನ್ನೂ ಕಾಣಲಿಲ್ಲ. ಖ್ಯಾತಿಯನ್ನು ಬೆನ್ನಟ್ಟದೆ ನ್ಯೂಯಾರ್ಕ್ ರಾಜ್ಯದ ಡಚೆಸ್ ಪ್ರಾಂತದಲ್ಲಿ ಹಳ್ಳಿಯ ವೈದ್ಯರಾಗಿ ಉಳಿದರು; ಬಿಡುವಿನಲ್ಲಿ ಕೊಳಲು ನುಡಿಸಿದರು, ಚಿತ್ರ ಬರೆದರು. 1909ರಲ್ಲಿ ನ್ಯೂಯಾರ್ಕಿನ ನರರೋಗತಜ್ಞರ ಸಂಘ ಅವರನ್ನು ಆಹ್ವಾನಿಸಿದಾಗ, ಅಜ್ಜ ಮತ್ತು ತಂದೆಯ ದೀರ್ಘಕಾಲದ ಅವಲೋಕನವಿಲ್ಲದಿದ್ದರೆ ತಮ್ಮಿಂದ ಆ ಪ್ರಬಂಧ ಸಾಧ್ಯವಿರಲಿಲ್ಲವೆಂದು ತಿಳಿಸಿದರು. ಅದರ ಹಸ್ತಪ್ರತಿಯನ್ನು ತಂದೆಯವರೇ ತಿದ್ದಿದ್ದರು. 1916ರ ಮಾರ್ಚ್ 3ರಂದು ನ್ಯುಮೋನಿಯಾದಿಂದ, ತಮ್ಮ 65ನೆಯ ವಯಸ್ಸಿನಲ್ಲಿ ಅವರು ನಿಧನರಾದರು.